ಸಾರಾ ಆಸ್ಬರ್ನಳ ವಾಙ್ಮೂಲ

ಕಾವ್ಯವಾಗಲೆಂದು ಬರೆದ ಬರೆಹವೆಲ್ಲವೂ ಕಾವ್ಯವಾಗುವುದಿಲ್ಲವೆಂಬುದು ಸರ್ವರಿಗೂ ವಿದಿತವಾದ ಮಾತು. ಆದರೆ ಕಾವ್ಯದ ಸಂಕಲ್ಪವೇ ಇಲ್ಲದೆ, ನ್ಯಾಯಾಧೀಶರ ಮುಂದೆ ಪ್ರಮಾಣಪೂರ್ವಕವಾಗಿ, ಒಂದು ಪಿಂಚಣಿಯ ಸಲುವಾಗಿ ಹೇಳಿದ ಮಾತೂ ಒಮ್ಮೊಮ್ಮೆ ಸಹೃದಯರ ಎದೆಯನ್ನು ಮುಟ್ಟುವುದುಂಟೆಂಬ ವಿಷಯವು ಅಷ್ಟು ಪ್ರಸಿದ್ಧವಾಗಿಲ್ಲ. ಇದಕ್ಕೆ ಉತ್ತಮವಾದ ನಿದರ್ಶನವೊಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಸರ್ಕಾರಿ ಕಾಗದಗಳಲ್ಲಿ ದೊರೆಯುತ್ತದೆ. ೧೮೩೭ನೆಯ ಇಸವಿ ನವೆಂಬರ್ ೨೦ನೆಯ ತಾರೀಖು ಪೆನ್ಸಿಲ್ವೇನಿಯಾ ಪ್ರಾಂತದ ವೇನ್ ಜಿಲ್ಲೆಯ ನ್ಯಾಯಸ್ಥಾನದಲ್ಲಿ ಸಾರಾ ಆಸ್ಬರ್ನ್ ಎಂಬ ೮೧ ವರ್ಷದ ವೃದ್ಧೆಯು ಕೊಟ್ಟ ವಾಙ್ಮೂಲವೇ ಅದು. ಆ ದೇಶದ ಸ್ವಾತಂತ್ರ್ಯಯುದ್ಧದಲ್ಲಿ ಸೈನಿಕನಾಗಿದ್ದ ತನ್ನ ಮೊದಲ ಗಂಡ ಆರನ್ ಆಸ್ಬರ್ನನ ಸೇವೆಯನ್ನು ಮನ್ನಿಸಿ ತನಗೆ ಪಿಂಚಣಿಯನ್ನು ದಯಪಾಲಿಸಬೇಕೆಂಬುದು ಆಕೆಯ ಪ್ರಾರ್ಥನೆ. ಜಾನ್ ಡ್ಯಾನ್ ಎಂಬ ವಿದ್ವಾಂಸರು ಇಂತಹ ಪಿಂಚಣಿಯ ಹೇಳಿಕೆಗಳನ್ನು ಆರಿಸಿ ೧೯೮೦ರಲ್ಲಿ ಪ್ರಕಟಿಸಿದ ‘ದಿ ರೆವಲ್ಯೂಷನ್ ರಿಮೆಂಬರ್ಡ್’ ಎಂಬ ಗ್ರಂಥದಲ್ಲಿ ಇದನ್ನೂ ಸೇರಿಸಿದ್ದಾರೆ. ಇದು ಬರಿಯ ಚರಿತ್ರೆಯ ಸಾಮಗ್ರಿಯೋ, ಅಥವಾ ಸಾಹಿತ್ಯವೆಂಬ ಹೆಸರಿಗೂ ಅರ್ಹವೋ ಎಂಬುದು ವಿಚಾರಣೀಯವಾಗಿದೆ.

ವಾಙ್ಮೂಲವು ಹುಟ್ಟಿದ ಸಂದರ್ಭವನ್ನು ಅರಿಯದೆ ಅದರ ಗುಣದೋಷಗಳನ್ನು ಎಣಿಸುವುದು ಸಾಧುವಲ್ಲ. ಇಂಗ್ಲೆಂಡಿನೊಡನೆ ನಡೆದ ಆ ಯುದ್ಧವು ೧೭೮೩ರಲ್ಲಿ ಮುಗಿಯಿತು. ದಾರಿದ್ರ್ಯದಲ್ಲಿದ್ದ ಹಳೆಯ ಯೋಧರಿಗೆ ೧೮೧೮ರ ಕಾಯಿದೆಯು ಪಿಂಚಣಿಯನ್ನು ವಿಧಿಸಿತು. ೧೮೩೨ರ ಕಾಯಿದೆಯು ದಾರಿದ್ರ್ಯದ ನಿಬಂಧನೆಯನ್ನು ತೆಗೆದುಹಾಕಿ, ಆರು ತಿಂಗಳಾದರೂ ಸೇವೆ ಮಾಡಿದವರೆಲ್ಲರಿಗೂ ಬಾಗಿಲನ್ನು ತೆರೆಯಿತು. ಸಾಮಾನ್ಯ ಸೈನಿಕರ ವಿಧವೆಯರಿಗೆ ಈ ಭಾಗ್ಯವು ವಿಶಾಲವಾಗಿ ಒದಗಿದ್ದು ೧೮೩೬ನೆಯ ಜುಲೈ ೪ರ ಕಾಯಿದೆಯಿಂದ. ಅದರಲ್ಲಿಯೂ ಒಂದು ಕಟ್ಟು ಇದ್ದಿತು: ಗಂಡನ ಸೈನ್ಯಸೇವೆ ಮುಗಿಯುವುದಕ್ಕೆ ಮೊದಲೇ ವಿವಾಹವು ನಡೆದಿರಬೇಕು. ಎಂದಮೇಲೆ ವಿಧವೆಯು ಸಾಧಿಸಬೇಕಾದ ವಿಷಯಗಳು ಎರಡು. ಗಂಡನು ಎಲ್ಲಿ, ಯಾರ ಕೈಕೆಳಗೆ, ಎಷ್ಟು ಕಾಲ ಸೇವೆ ಮಾಡಿದನೆಂಬುದು ಒಂದು. ತಾನು ಅವನನ್ನು ಎಂದು ಕೈಹಿಡಿದಳೆಂಬುದು ಇನ್ನೊಂದು.

ವ್ಯವಹಾರದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಈ ವಿಧವೆಯರಿಗಾದರೋ ಲಿಖಿತವೇ ದುರ್ಲಭವಾಗಿದ್ದಿತು. ೧೮೦೦ನೆಯ ಇಸವಿ ನವೆಂಬರಿನಲ್ಲಿ ಆ ಸರ್ಕಾರದ ಯುದ್ಧಖಾತೆಯ ಕಚೇರಿಗೆ ಬೆಂಕಿ ಬಿದ್ದು ಹಳೆಯ ದಾಖಲೆಗಳು ಭಸ್ಮವಾಗಿದ್ದವು. ಮನೆಯ ಬೈಬಲ್ ಗ್ರಂಥದಲ್ಲಿ ಮದುವೆ ಹುಟ್ಟುಸಾವುಗಳನ್ನು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಎಷ್ಟೋ ಮಂದಿ ಅರ್ಜಿಯೊಡನೆ ಕಳುಹಿಸಿದರು. ಅಂತಹ ಹಾಳೆಗಳು ಇಂದಿಗೂ ವಾಷಿಂಗ್ಟನ್ ನಗರದ ರಾಷ್ಟ್ರೀಯ ದಾಖಲೆಗಳಲ್ಲಿ ಉಳಿದಿವೆ. ಲಿಖಿತವು ಸಾಲದೆ ಹೋದ ಕಡೆ ನೆನಪೇ ಸಾಕ್ಷಿಯಾಗಬೇಕಾಯಿತು. ಕಾಯಿದೆಯ ಕೊರತೆಯೇ ಹೀಗೆ ಕಥನಕ್ಕೆ ಕಾರಣವಾಯಿತೆನ್ನಬಹುದು.

ಇನ್ನು ಕಥಾಸಾರ. ಸಾರಾ ೧೭೮೦ರ ಜನವರಿಯಲ್ಲಿ, ಆಲ್ಬನಿ ಎಂಬ ಊರಿನಲ್ಲಿ, ಕಮ್ಮಾರನಾದ ಆಸ್ಬರ್ನನನ್ನು ಮದುವೆಯಾದಳು. ಅವನು ಹಿಂದೆಯೇ ಒಮ್ಮೆ ಸೈನ್ಯದಲ್ಲಿ ಇದ್ದವನು. ಈಗ ಹೆಂಡತಿಗೆ ತಿಳಿಸದೆಯೇ ಪುನಃ ಹೆಸರನ್ನು ಬರೆಯಿಸಿ ಬಂದನು. ತನ್ನೊಡನೆ ದಂಡಿಗೆ ಬರಬೇಕೆಂದು ಆಕೆಯನ್ನೂ ಬಲವಂತಪಡಿಸಿದನು. ಬಂಡಿಯನ್ನೋ ಕುದುರೆಯನ್ನೋ ಒದಗಿಸುವೆವೆಂದು ಕ್ಯಾಪ್ಟನ್ ಗ್ರೆಗ್ ಎಂಬವನು ಮಾತು ಕೊಟ್ಟಮೇಲೆಯೇ ಆಕೆ ಹೊರಟದ್ದು. ವೆಸ್ಟ್ ಪಾಯಿಂಟ್, ಕಿಂಗ್ಸ್‌ಬ್ರಿಜ್, ಫಿಲಡೆಲ್ಫಿಯಾ ಎಂಬೆಡೆಗಳನ್ನು ದಾಟಿ, ಬಾಲ್ಟಿಮೋರಿನಿಂದ ಹಡಗನ್ನು ಹತ್ತಿ, ೧೭೮೧ರಲ್ಲಿ ಸೈನ್ಯದೊಡನೆ ಯಾರ್ಕ್‌ಟೌನಿನ ಮುತ್ತಿಗೆಗೆ ಬಂದು ಸೇರಿದಳು. ಅಲ್ಲಿ ಡೇರೆಗಳ ಹಿಂದೆ ಇತರ ಹೆಂಗಸರೊಡನೆ ನಿಂತು ಸೈನಿಕರ ಬಟ್ಟೆಗಳನ್ನು ಒಗೆದಳು, ಹೊಲಿದಳು, ಅಡಿಗೆ ಮಾಡಿದಳು. ಮಾಂಸ, ರೊಟ್ಟಿ, ದೊಡ್ಡ ಪಾತ್ರೆಯ ತುಂಬ ಕಾಫಿ ಇವುಗಳನ್ನು ಹೊತ್ತು ಗುಂಡು ಬೀಳುವ ಕಂದಕಕ್ಕೆ ನಡೆದಳು. ಅಕ್ಟೋಬರ್ ೧೯ರಂದು ಆಂಗ್ಲಸೈನ್ಯವು ಶರಣಾಗತವಾದುದನ್ನು ಕಣ್ಣಾರೆ ಕಂಡಳು.

ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿಯನ್ನು ಬೇರೆಯಾಗಿಯೂ ಅರ್ಥವಾದವನ್ನು ಬೇರೆಯಾಗಿಯೂ ವಿಂಗಡಿಸುತ್ತಾರೆ. ವಿಧಿಯು ಕರ್ತವ್ಯವನ್ನು ಹೇಳುವುದು; ಅರ್ಥವಾದವು ತಾನಾಗಿ ಏನನ್ನೂ ವಿಧಿಸದೆ ಅದಕ್ಕೆ ಪೋಷಕವಾಗಿ ನಿಲ್ಲುವುದು. ಈ ವಾಙ್ಮೂಲವನ್ನು ಅದೇ ರೀತಿ ವಿಂಗಡಿಸಿದರೆ, ಕಾಯಿದೆಗೆ ಬೇಕಾದ ವಿಧಿಭಾಗವು ಕೆಲವೇ ಪಂಕ್ತಿಗಳಷ್ಟು: ಮದುವೆಯ ತಿಂಗಳು, ಗಂಡನ ದಳ, ಕ್ಯಾಪ್ಟನ್ನನ ಹೆಸರು, ಬಿಡುಗಡೆಯ ಕಾಲ. ಕಾಫಿಯ ಪಾತ್ರೆಯಾಗಲಿ, ಒಗೆತದ ಬಟ್ಟೆಯಾಗಲಿ ಪಿಂಚಣಿಯನ್ನು ಒಂದು ಕಾಸಿನಷ್ಟೂ ಹೆಚ್ಚಿಸಲಾರದು. ಆದರೂ ಆಕೆ ಅದನ್ನು ಹೇಳಿದಳು; ಲೇಖಕನು ಬರೆದುಕೊಂಡನು. ಈ ಅನಾವಶ್ಯಕವಾದ ಭಾಗದಲ್ಲಿಯೇ ವಾಙ್ಮೂಲದ ಜೀವವು ನೆಲೆಸಿರುವುದು. ಇಲ್ಲಿ ಅರ್ಥವಾದವು ವಿಧಿಯ ಸೇವಕನಾಗಿ ಉಳಿಯದೆ ತಾನೇ ಪ್ರಧಾನವಾಗಿದೆ. ಗಂಡನ ಸೇವೆಯನ್ನು ಹೇಳಹೊರಟ ಮಾತು ಹೆಂಡತಿಯ ಸೇವೆಯ ಕಥೆಯಾಗಿ ಪರಿಣಮಿಸಿದೆ.

ಭಾಷೆಯನ್ನು ನೋಡಿದರೆ, ಇದೆಲ್ಲವೂ ಕಚೇರಿಯ ಪದ್ಧತಿಯಂತೆ ಪ್ರಥಮಪುರುಷದಲ್ಲಿದೆ. ‘ಹೇಳಿಕೆದಾರಳು’ ಹೀಗೆ ಮಾಡಿದಳು, ‘ಹೇಳಿಕೆದಾರಳು’ ಹೀಗೆ ಕಂಡಳು ಎಂದು ವಾಕ್ಯಗಳು ಸಾಗುತ್ತವೆ. ಈ ಶಬ್ದದ ಪುನರುಕ್ತಿಯು ಕಿವಿಗೆ ಬೇಸರವನ್ನು ಉಂಟುಮಾಡುವುದೇನೋ ನಿಜ. ಆದರೆ ಈ ಪರದೆಯ ಮರೆಯಿಂದಲೂ ಆಕೆಯ ಕಂಠವು ಸ್ಪಷ್ಟವಾಗಿ ಕೇಳಿಬರುವ ಎಡೆಗಳುಂಟು. ಕಿಂಗ್ಸ್‌ಬ್ರಿಜ್ಜಿನಲ್ಲಿ ಫಿರಂಗಿಗಳನ್ನು ಸಾಗಿಸುವ ಕೆಲಸಕ್ಕೆ ಗಂಡನು ಹೋದಾಗ ಅವನ ಮೇಲಂಗಿಯನ್ನು ತೊಟ್ಟು ಬಂದೂಕವನ್ನು ಹಿಡಿದು ಆಕೆಯೇ ಪಹರೆ ನಿಂತಳಂತೆ. ಜನರಲ್ ವಾಷಿಂಗ್ಟನ್ನನು ಬಂದು, ಅಲ್ಲಿ ನಿಲ್ಲಿಸಿದವರು ಯಾರೆಂದು ಕೇಳಲು, ಅಧಿಕಾರವುಳ್ಳವರೇ ನಿಲ್ಲಿಸಿದರೆಂದು ಉತ್ತರಕೊಟ್ಟಳಂತೆ. ಯಾರ್ಕ್‌ಟೌನಿನ ಕಂದಕದ ದಾರಿಯಲ್ಲಿ ಅದೇ ಸೇನಾಪತಿಯು, ಗುಂಡುಗಳ ಭಯವಿಲ್ಲವೇ ಎಂದು ಕೇಳಿದಾಗ, ಗಂಡಸರು ಕಾದಾಡುವುದಲ್ಲದೆ ಉಪವಾಸವನ್ನೂ ಬೀಳುವುದು ಸರಿಯಲ್ಲವೆಂಬ ಅಭಿಪ್ರಾಯದ ಮಾತನ್ನು ಹೇಳಿದಳಂತೆ. ಇವು ಕಲ್ಪಿಸಿ ಹೇಳಿದ ವೀರೋಕ್ತಿಗಳಂತೆ ಕಾಣುವುದಿಲ್ಲ. ಕೈಯಲ್ಲಿ ಕೆಲಸವಿರುವ ಹೆಂಗಸು ದಾರಿಗಡ್ಡವಾದ ದೊಡ್ಡವರಿಗೆ ಕೊಡುವ ಉತ್ತರಗಳಂತಿವೆ.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಸ್ವಾರಸ್ಯವಾದುದು. ಒಂದು ಬೆಳಗ್ಗೆ ನಗಾರಿಗಳು ಬಾರಿಸತೊಡಗಿದವು. ಅಧಿಕಾರಿಗಳು ಟೋಪಿಗಳನ್ನು ಬೀಸಿ ಜಯಘೋಷ ಮಾಡಿದರು. ಏನು ಸಮಾಚಾರವೆಂದು ಆಕೆ ಕೇಳಲು, ಇಷ್ಟು ತಿಳಿಯದ ನೀನೆಂತಹ ಸೈನಿಕಳೆಂದು ಅವರು ಹಾಸ್ಯಮಾಡಿದರು. ತಿಳಿಯದೆಂದು ಆಕೆ ಒಪ್ಪಿಕೊಂಡಮೇಲೆ ಆಂಗ್ಲೇಯರು ಶರಣಾದ ವಾರ್ತೆಯನ್ನು ಹೇಳಿದರು. ಬಳಿಕ ಆಕೆ ಮಾಡಿದ ಕಾರ್ಯವೇನೆಂದರೆ, ಸಿದ್ಧವಾಗಿದ್ದ ಆಹಾರವನ್ನು ಕಂದಕಕ್ಕೆ ಹೊತ್ತುಕೊಂಡು ಹೋದುದು. ನಾಲ್ವರು ಸೈನಿಕರು ಬೆಳಗಿನ ಊಟವನ್ನು ಉಂಡರು. ಒಂದು ರಾಷ್ಟ್ರದ ಭಾಗ್ಯವು ನಿರ್ಣಯವಾದ ಮುಂಜಾನೆಯನ್ನು ಇಷ್ಟು ನಿರಾಡಂಬರವಾಗಿ ಹೇಳಿದ ಲೇಖನಗಳು ವಿರಳ. ಬರಿಯ ಸಮಾಚಾರವನ್ನು ‘ವಾರ್ತೆ’ ಎಂದು ಕರೆದು ಭಾಮಹನು ಕಾವ್ಯದ ಹೊರಗಿಟ್ಟನು. ದಂಡಿಯಾದರೋ ವಸ್ತುವಿನ ಸಹಜರೂಪವನ್ನು ಕಣ್ಣಿಗೆ ಕಟ್ಟಿಸುವ ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನು ಕೊಟ್ಟನು. ಈ ವಾಙ್ಮೂಲದ ಹಲವು ವಾಕ್ಯಗಳು ಭಾಮಹನ ವಾರ್ತೆಗೆ ಸೇರತಕ್ಕವೇ ಸರಿ; ಈ ಬೆಳಗಿನ ಊಟವು ಮಾತ್ರ ದಂಡಿಯ ಪಂಕ್ತಿಗೆ ಸಲ್ಲುತ್ತದೆ.

ಇದಕ್ಕೆ ಆಕ್ಷೇಪವೊಂದು ಏಳಬಹುದು. ೫೬ ವರ್ಷಗಳ ಬಳಿಕ, ಹಣದ ಅಪೇಕ್ಷೆಯಿಂದ, ಮುದುಕಿಯೊಬ್ಬಳು ಹೇಳಿದ ಮಾತನ್ನು ನಂಬುವುದೆಂತು? ಆಕ್ಷೇಪವು ನ್ಯಾಯವಾದುದೇ. ವಾಷಿಂಗ್ಟನ್ನನೊಡನೆ ನಡೆದ ಸಂವಾದಗಳಿಗೆ ಆಕೆಯ ಮಾತೇ ಆಧಾರ. ವಯಸ್ಸಾದವರ ನೆನಪಿನಲ್ಲಿ ಮಹಾಪುರುಷರು ಹತ್ತಿರ ಹತ್ತಿರಕ್ಕೆ ಸರಿಯುವುದು ಲೋಕಸ್ವಭಾವ. ಆದರೆ ಆಕೆಯ ಸತ್ಯನಿಷ್ಠೆಯನ್ನು ಒರೆಗಲ್ಲಿಗೆ ಹಚ್ಚಿ ನೋಡುವುದಕ್ಕೆ ಒಂದು ಸ್ಥಳವುಂಟು. ಶರಣಾಗತಿಯ ದಿನ ಆಂಗ್ಲರ ನಗಾರಿಗಳಿಗೆ ಕಪ್ಪು ವಸ್ತ್ರವನ್ನೂ ಕೊಳಲುಗಳಿಗೆ ಕಪ್ಪು ಪಟ್ಟಿಯನ್ನೂ ಕಟ್ಟಿದ್ದರೆಂದು ಹೇಳಿ, ಮುಂದೆ ಬಂದ ಸೇನಾಪತಿಯು ದಪ್ಪ ಶರೀರದ, ತುಂಬು ಮುಖದ ಮನುಷ್ಯನೆಂದೂ ಅವನ ಕೆನ್ನೆಗಳ ಮೇಲೆ ಕಣ್ಣೀರು ಹರಿಯುತ್ತಿತ್ತೆಂದೂ ವರ್ಣಿಸುತ್ತಾಳೆ. ಅವನ ಹೆಸರು ನೆನಪಿಲ್ಲ, ಆದರೆ ಅವನು ಕಾರ್ನ್‌ವಾಲಿಸನಲ್ಲ. ಕಾರ್ನ್‌ವಾಲಿಸನನ್ನು ಆಮೇಲೆ ಕಂಡೆ, ಅವನು ಕುಳ್ಳನು, ಮೆಳ್ಳೆಗಣ್ಣಿನವನು ಎಂಬುದು ಆಕೆಯ ಮಾತಿನ ತಾತ್ಪರ್ಯ. ಆ ದಿನ ಲಾರ್ಡ್ ಕಾರ್ನ್‌ವಾಲಿಸನು ಅಸ್ವಸ್ಥತೆಯ ನೆಪವನ್ನು ಹೇಳಿ ಹಿಂದುಳಿದು, ಚಾರ್ಲ್ಸ್ ಓಹಾರಾ ಎಂಬವನನ್ನು ಮುಂದೆ ಕಳುಹಿಸಿದನೆಂಬುದು ಚರಿತ್ರೆಯಿಂದ ಸಿದ್ಧವಾದ ವಿಷಯ. ಸುಳ್ಳು ಹೇಳುವವಳಾಗಿದ್ದರೆ ಎಲ್ಲರೂ ಬಲ್ಲ ಹೆಸರನ್ನೇ ಹೇಳುತ್ತಿದ್ದಳು. ತಿಳಿಯದ ಹೆಸರನ್ನು ತಿಳಿಯದೆಂದು ಬಿಟ್ಟುದರಲ್ಲಿಯೇ ಆಕೆಯ ಪ್ರಾಮಾಣ್ಯವು ಸ್ಥಾಪಿತವಾಗುತ್ತದೆ. ಹತ್ತು ವರ್ಷಗಳೊಳಗೆ ಇದೇ ಕಾರ್ನ್‌ವಾಲಿಸನು ಭಾರತದ ಗವರ್ನರ್ ಜನರಲ್ ಆಗಿ ಟೀಪೂ ಸುಲ್ತಾನನ ಮೇಲೆ ದಂಡೆತ್ತಿ, ೧೭೯೧ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಮೈಸೂರು ಸೀಮೆಯ ಚರಿತ್ರೆಯನ್ನು ಓದಿದವರಿಗೆ ವಿಜಯಿಯಾಗಿ ಪರಿಚಿತನಾದ ಈತನನ್ನು, ಸೋತ ಮರುಗಳಿಗೆಯಲ್ಲಿ ಒಗೆತದ ಹೆಂಗಸೊಬ್ಬಳು ಕಂಡ ಬಗೆಯು ಇಲ್ಲಿ ಉಳಿದಿದೆ.

ದೋಷಗಳನ್ನು ಮುಚ್ಚಿಡತಕ್ಕದ್ದಲ್ಲ. ವಾಙ್ಮೂಲದಲ್ಲಿ ಕಾಲಕ್ರಮವು ಕೆಲವೆಡೆ ಸಡಿಲವಾಗಿದೆ. ಲೇಖಕನ ಕೈ ಎಲ್ಲಿ ಮುಗಿಯಿತು, ಆಕೆಯ ಬಾಯಿ ಎಲ್ಲಿ ಮೊದಲಾಯಿತು ಎಂಬುದನ್ನು ನಿಶ್ಚಯಿಸಲಾಗದು. ಇವೆರಡಕ್ಕಿಂತ ಗುರುತರವಾದ ಕೊರತೆ ಮತ್ತೊಂದಿದೆ. ಶಿಬಿರದ ಸುತ್ತಲೂ ಕಪ್ಪುಜನರ ಶವಗಳು ಬಿದ್ದಿದ್ದುದನ್ನೂ, ಆಂಗ್ಲೇಯರು ಅವರನ್ನು ಊರಿನಿಂದ ಅಟ್ಟಿ ಹಸಿವಿಗೆ ಗುರಿಮಾಡಿದುದನ್ನೂ ಆಕೆ ಹೇಳುತ್ತಾಳೆ. ಹೇಳಿದೊಡನೆಯೇ ಮುಂದಕ್ಕೆ ನಡೆಯುತ್ತಾಳೆ. ಬಿಡುಗಡೆಯನ್ನು ಬಯಸಿ ಆಂಗ್ಲಸೈನ್ಯವನ್ನು ಆಶ್ರಯಿಸಿದ್ದ ದಾಸರ ಗತಿಯು ಅದು. ಕರುಣರಸಕ್ಕೆ ಇದಕ್ಕಿಂತ ಘೋರವಾದ ಆಲಂಬನವು ಬೇರೆ ಬೇಕಿಲ್ಲ. ಆಕೆಯ ಮೌನವು ಸಂಯಮವೋ ರೂಢಿಯ ಜಡತೆಯೋ ಎಂಬುದನ್ನು ವಾಚಕರು ತಮ್ಮತಮ್ಮಲ್ಲಿಯೇ ನಿರ್ಣಯಿಸಿಕೊಳ್ಳಬೇಕು. ಆದರೂ ಹಲವರು ಹೇಳದೆ ಬಿಟ್ಟುದನ್ನು ಆಕೆ ಹೇಳಿದಳೆಂಬುದು ಗಣನೀಯ.

ಕಡೆಗೆ ಈ ವಾಙ್ಮೂಲದ ಮರ್ಮಸ್ಥಾನ. ಯುದ್ಧವು ತೀರಿದಮೇಲೆ ಆಸ್ಬರ್ನನು ಸಾರಾಳನ್ನು ತೊರೆದು, ಆಕೆ ಬದುಕಿರುವಾಗಲೇ ಮತ್ತೊಬ್ಬಳನ್ನು ಮದುವೆಯಾದನು. ಸಾರಾ ತರುವಾಯ ಜಾನ್ ಬೆಂಜಮಿನ್ ಎಂಬವನನ್ನು ಕೈಹಿಡಿದಳು; ಅವನೂ ಗತಿಸಿದನು. ಮುಪ್ಪಿನಲ್ಲಿ ಆಕೆಗೆ ಆಧಾರವಾದದ್ದು ತನ್ನನ್ನು ಬಿಟ್ಟುಹೋದವನ ಹೆಸರು. ನ್ಯಾಯಸ್ಥಾನದಲ್ಲಿ ಆಕೆ ಈ ಸಂಗತಿಯನ್ನೂ ಮರೆಮಾಚಲಿಲ್ಲ, ಶಪಿಸಲೂ ಇಲ್ಲ. ತಿಂಗಳುಗಟ್ಟಲೆ ದಂಡಿನೊಡನೆ ನಡೆದು ದುಡಿದವಳು ‘ನಾನು ಮಾಡಿದ ಸೇವೆಗೆ ಕೊಡಿ’ ಎಂದು ಕೇಳುವಂತಿರಲಿಲ್ಲ. ಹಾಗೆ ಕೇಳುವುದಕ್ಕೆ ಕಾಯಿದೆಯಲ್ಲಿ ಸ್ಥಳವೇ ಇರಲಿಲ್ಲ. ಗಂಡುಡುಗೆಯನ್ನು ತೊಟ್ಟು ಹೆಸರನ್ನು ಮರೆಸಿ ಕಾದಾಡಿದ ಡೆಬೊರಾ ಸ್ಯಾಂಪ್ಸನ್ನಳಿಗೆ ೧೮೦೫ರಲ್ಲಿ ಪಿಂಚಣಿ ದೊರೆತದ್ದುಂಟು. ಆಕೆ ಬಂದೂಕು ಹಿಡಿದವಳಾದುದರಿಂದ ಸೈನಿಕನೆಂದು ಎಣಿಸಲ್ಪಟ್ಟಳು. ಪಾತ್ರೆ ಹಿಡಿದವಳಿಗೆ ಆ ಎಣಿಕೆಯಿಲ್ಲ. ಇನ್ನೊಂದು ಕಡೆ, ಮದುವೆಯ ಕಾಲದ ನಿಬಂಧನೆಯನ್ನು ಮುಂದಿನ ಕಾಯಿದೆಗಳು ಮೆಲ್ಲಮೆಲ್ಲನೆ ಸಡಿಲಿಸಿ, ೧೮೫೩ರಲ್ಲಿ ತೆಗೆದೇ ಹಾಕಿದವು. ಯುದ್ಧವು ಮುಗಿದು ದಶಕಗಳಾದಮೇಲೆ ಹುಟ್ಟಿ, ೧೮೩೫ರಲ್ಲಿ ವೃದ್ಧ ಯೋಧನೊಬ್ಬನನ್ನು ಮದುವೆಯಾದ ವರ್ಮಾಂಟಿನ ಎಸ್ತರ್ ಡೇಮನ್ ಎಂಬಾಕೆ ಆ ಯುದ್ಧದ ಕೊನೆಯ ಪಿಂಚಣಿದಾರ ವಿಧವೆಯಾಗಿ ೧೯೦೬ರಲ್ಲಿ ತೀರಿಕೊಂಡಳು. ಯುದ್ಧವನ್ನೇ ಕಾಣದ ಎಸ್ತರಳಿಗೂ ಕಂದಕದಲ್ಲಿ ಅನ್ನವಿಕ್ಕಿದ ಸಾರಾಳಿಗೂ ಕಾಯಿದೆಯ ದೃಷ್ಟಿಯಲ್ಲಿ ಅರ್ಹತೆಯು ಒಂದೇ: ಇಂಥವನ ಹೆಂಡತಿ. ಎಸ್ತರಳ ಹಕ್ಕನ್ನು ಆಕ್ಷೇಪಿಸುವುದು ಇಲ್ಲಿ ಉದ್ದೇಶವಲ್ಲ. ಸಾರಾಳ ಹಕ್ಕು ಬೇರೆ ಬಗೆಯದಾಗಿದ್ದಿತೆಂಬುದೇ ವಕ್ತವ್ಯ.

ಸಾರಾಳ ಪ್ರಾರ್ಥನೆಯು ಸಫಲವಾಯಿತು, ಪಿಂಚಣಿ ಮಂಜೂರಾಯಿತು. ಅದು ಆರನ್ ಆಸ್ಬರ್ನನ ಲೆಕ್ಕಕ್ಕೆ ಬರೆದ ಹಣ. ಆಕೆಯ ಸ್ವಂತ ದುಡಿಮೆಯ ಲೆಕ್ಕವು ಯಾವ ಖಾತೆಯಲ್ಲಿಯೂ ಇಲ್ಲ, ಈ ವಾಙ್ಮೂಲವೊಂದರಲ್ಲಿ ವಿನಾ. ರಸದ ಪರಿಪಾಕವಿಲ್ಲದುದರಿಂದ ಇದನ್ನು ಕಾವ್ಯವೆಂದು ಕರೆಯುವುದು ಅತಿಶಯೋಕ್ತಿಯಾದೀತು. ಆದರೆ ಕಂಡುದನ್ನು ಕಂಡಷ್ಟೇ ಹೇಳುವ ಗುಣವು ಸಾಹಿತ್ಯಕ್ಕೆ ಅಡಿಗಲ್ಲಾದುದಾದರೆ, ಈ ಅರ್ಜಿಯು ಆ ಅಡಿಗಲ್ಲಿನ ಮೇಲೆ ಭದ್ರವಾಗಿ ನಿಂತಿದೆ. ಯುದ್ಧವೃತ್ತಾಂತಗಳನ್ನು ಸೇನಾಪತಿಗಳ ಬಾಯಿಂದಲೇ ಕೇಳಿ ಬಲ್ಲ ವಾಚಕರು ಒಮ್ಮೆ ಇದನ್ನೂ ಓದತಕ್ಕದ್ದು.