ಗುರುವಿನ ದೇವರು, ವಾರ್ಡಿನ ಪಾಠ

ಪೀತಮ್‌ಪುರದ ಭಗವಾನ್ ಮಹಾವೀರ ಆಸ್ಪತ್ರೆ ದಿಲ್ಲಿ ಸರ್ಕಾರದ್ದು. ಹೆಸರು ತೀರ್ಥಂಕರರದು, ಬಾಗಿಲು ಎಲ್ಲರದು. ಆಸ್ಪತ್ರೆಯ ಹೆಸರಿಗೆ ಒಗ್ಗಿದಷ್ಟು ಹಗುರಾಗಿ ಅಧ್ಯಾತ್ಮ ವೈದ್ಯಶಿಕ್ಷಣಕ್ಕೆ ಒಗ್ಗುವುದಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಚರಕ ಶಪಥವನ್ನೂ ಹತ್ತು ದಿನಗಳ ಯೋಗವನ್ನೂ ಶಿಫಾರಸು ಮಾಡಿದಾಗ, ಹಿಪೊಕ್ರೆಟಿಸನೋ ಚರಕನೋ ಎಂಬ ಜಗಳವೇ ದೊಡ್ಡದಾಯಿತು. ಕಲಿಸುವವರ ನಂಬಿಕೆ ವಾರ್ಡಿನಲ್ಲಿ ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಹೇಳುವ ಮಾತುಗಳಲ್ಲಿ ಎರಡು ಬಗೆಯವಿವೆ. ಜೀವಕ್ಕೆ ಕುತ್ತು ಬಂದರೂ ರೋಗಿಗೆ ಕೇಡು ಬಗೆಯಬೇಡ, ಅವನ ಮನೆಯ ಗುಟ್ಟು ಹೊರಗೆಡಹಬೇಡ ಎಂಬುದು ಒಂದು. ರಾಜನಿಗೆ ಬೇಡವಾದವನಿಗೆ, ಗಂಡನೋ ಪಾಲಕನೋ ಜೊತೆಗಿಲ್ಲದ ಹೆಣ್ಣಿಗೆ ಮದ್ದು ಕೊಡಬೇಡ ಎಂಬುದು ಇನ್ನೊಂದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಚರ್ಚಿಸಿದ್ದರೆ ಅದೇ ಒಳ್ಳೆಯ ಪಾಠವಾಗುತ್ತಿತ್ತು. ಸಾಲಾಗಿ ನಿಂತು ಶಪಥ ಒಪ್ಪಿಸುವುದರಲ್ಲಿ ಆ ಚರ್ಚೆಗೆ ಜಾಗವಿಲ್ಲ.

ಇಂಥ ಶಪಥಕ್ಕಿಂತ, ವೈದ್ಯ ವಿದ್ಯಾರ್ಥಿಗಳಿಗೆ ಮನೋಭಾವ, ನೀತಿ, ಸಂವಹನ ಕಲಿಸುವ 2018ರ ಎಟ್‌ಕಾಮ್ ಕೈಪಿಡಿ ಮೇಲು. ಮೊದಲ ವರ್ಷದಲ್ಲೇ ಅದು ರೋಗಿಯಾಗುವುದೆಂದರೇನು ಎಂದು ಕೇಳುತ್ತದೆ. ಶವವನ್ನು ಮೊದಲ ಗುರು ಎನ್ನುತ್ತದೆ. ಆಸ್ತಿಕ, ನಾಸ್ತಿಕ ಇಬ್ಬರೂ ಆ ಮೇಜಿನ ಮುಂದೆ ತಲೆಬಾಗಬಹುದು. ಆದರೆ ಕೈಪಿಡಿ ತಲುಪದ ಕಡೆಯೂ ಪಾಠ ನಡೆಯುತ್ತಿರುತ್ತದೆ.

ಕೀಟನಾಶಕ ಕುಡಿದು ಬದುಕುಳಿದ ಹುಡುಗಿಯ ಹಾಸಿಗೆಯ ಸುತ್ತ ವಿದ್ಯಾರ್ಥಿಗಳು ನೆರೆದಿದ್ದಾರೆ ಎನ್ನಿ. ಒಬ್ಬ ಪ್ರಾಧ್ಯಾಪಕರು ಪರದೆ ಎಳೆದು, ಅವಳ ಒಪ್ಪಿಗೆ ಕೇಳಿ, ಆಮೇಲೆ ಹೊಟ್ಟೆ ಮುಟ್ಟುತ್ತಾರೆ. ಇನ್ನೊಬ್ಬರು ‘ಎಲ್ಲ ಪೂರ್ವಕರ್ಮ’ ಎಂದು ಮುಂದಿನ ಹಾಸಿಗೆಗೆ ನಡೆಯುತ್ತಾರೆ. ಇಬ್ಬರೂ ಬೆಳಿಗ್ಗೆ ಒಂದೇ ದೇವರಿಗೆ ಕೈಮುಗಿದು ಬಂದಿರಬಹುದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಎರಡನೆಯವರ ಮಾತು ಅದನ್ನೂ ಅಳಿಸಿಹಾಕುತ್ತದೆ.

ಅಧ್ಯಾತ್ಮವೇ ಬೇಡವೆನ್ನಲು ಕರ್ನಾಟಕದ ಅನುಭವ ಬಿಡುವುದಿಲ್ಲ. ವಿವೇಕಾನಂದರ ಪ್ರೇರಣೆಯಿಂದ ಡಾ. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿದರು. ಅದೇ ಪ್ರೇರಣೆಯಿಂದ 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಗೆಳೆಯರೊಂದಿಗೆ ಡಾ. ಆರ್. ಬಾಲಸುಬ್ರಹ್ಮಣ್ಯಂ ಕಟ್ಟಿದ ಸಂಸ್ಥೆ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋಯಿತು. ಅವರನ್ನು ಯಾರೂ ಅಂಕದ ಆಸೆ ತೋರಿಸಿ ಕಳಿಸಲಿಲ್ಲ. ಆದರೆ ಗುರುವಿನ ಕೈಯಲ್ಲಿ ಇಂಟರ್ನಲ್ ಅಂಕಗಳಿರುವಾಗ ಅವರ ಭಕ್ತಿ ವಿದ್ಯಾರ್ಥಿಗೆ ಹಾಜರಿಯ ವಿಷಯವಾಗಿಬಿಡುತ್ತದೆ. ಗುರುವಿನ ನಂಬಿಕೆ ಅವರ ನಡತೆಯನ್ನು ತಿದ್ದಲಿ; ಅದನ್ನು ವಿದ್ಯಾರ್ಥಿಯಿಂದ ಒಪ್ಪಿಸಿಕೊಳ್ಳುವ ಹಕ್ಕು ಅವರಿಗಿಲ್ಲ.