ಜಾರುವ ಅಳತೆಗೋಲು

ಗಾಮಾ ಕಿರಣಗಳ ಶಕ್ತಿ ಅಳೆಯುವವರ ನಡುವೆ ಪ್ರತಿ ಕಿರಣ ಹುಟ್ಟಿಸುವ ವಿದ್ಯುತ್ ಪಲ್ಸಿನ ಎತ್ತರವನ್ನು ಅಂಕಿಯಾಗಿಸುವ ಎಡಿಸಿಯ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಡೆನಿಸ್ ವಿಲ್ಕಿನ್ಸನ್. ಕೇಂಬ್ರಿಜ್‌ನಲ್ಲಿದ್ದಾಗ ಅವರು 1950ರಲ್ಲಿ ಪ್ರಕಟಿಸಿದ 99 ಚಾನೆಲ್‌ಗಳ (ಎಂದರೆ ಎತ್ತರದ ಮೆಟ್ಟಿಲುಗಳ) ವಿಶ್ಲೇಷಕಕ್ಕೆ ಆ ಗೌರವ ಸಲ್ಲಬೇಕಾದದ್ದೇ. ಪಲ್ಸಿನ ಎತ್ತರದಷ್ಟು ಕೆಪಾಸಿಟರನ್ನು ತುಂಬಿಸಿ, ಒಂದೇ ಸಮನೆ ಖಾಲಿ ಮಾಡುತ್ತ, ಅಷ್ಟು ಹೊತ್ತಿನ ಟಿಕ್ಕುಗಳನ್ನು ಎಣಿಸುವುದು; ಹಾಗಾಗಿ ಎಲ್ಲ ಚಾನೆಲ್‌ಗಳ ಅಗಲವೂ ಹೆಚ್ಚುಕಡಿಮೆ ಒಂದೇ. ಆದರೆ ನಿಧಾನ. 100 ಮೆಗಾಹರ್ಟ್ಸ್ ಗಡಿಯಾರ ಇಟ್ಟರೂ 8192ನೇ ಚಾನೆಲ್ ಮುಟ್ಟಲು ಸುಮಾರು 82 ಮೈಕ್ರೊಸೆಕೆಂಡ್ ಬೇಕು.

1963ರಲ್ಲಿ ಇಟಲಿಯ ಕೊಟ್ಟಿನಿ, ಎಮಿಲಿಯೊ ಗಟ್ಟಿ ಮತ್ತು ಸ್ವೆಲ್ಟೊ ಬರೆದ ಪ್ರಬಂಧಕ್ಕೆ ಇಂಥ ಗೌರವ ಸಿಗಲಿಲ್ಲ. ಅದನ್ನು ‘ಒಳ್ಳೆಯ ಉಪಾಯ’ ಎಂದು ಬೆನ್ನು ತಟ್ಟಿ ಮುಂದೆ ಹೋಗುತ್ತಾರೆ. ಇದು ಅನ್ಯಾಯ. ಚಾನೆಲ್‌ಗಳನ್ನು ಸಮ ಮಾಡುವುದು ಹೇಗೆಂದು ವಿಲ್ಕಿನ್ಸನ್ ತೋರಿಸಿದರು. ಚಾನೆಲ್‌ಗಳು ಸಮ ಇಲ್ಲದಿದ್ದರೂ ಅಳತೆ ಸಮ ಬರಬಲ್ಲದು ಎಂದು ಈ ಮೂವರು ತೋರಿಸಿದರು. ನನ್ನ ಮಟ್ಟಿಗೆ ಎರಡನೆಯದೇ ಆಳವಾದ ಮಾತು.

ಕಷ್ಟ ಎಲ್ಲಿದೆ ನೋಡಿ. ವೇಗದ ಎಡಿಸಿ ತಕ್ಕಡಿಯಂತೆ ಕೆಲಸ ಮಾಡುತ್ತದೆ: ಒಂದಕ್ಕಿಂತ ಒಂದು ಅರ್ಧ ತೂಕದ ಕಲ್ಲುಗಳನ್ನು ಇಟ್ಟು, ತೆಗೆದು ತೂಗುತ್ತದೆ. 12 ಬಿಟ್‌ನ ಎಡಿಸಿಯಲ್ಲಿ 2047ರಿಂದ 2048ಕ್ಕೆ ದಾಟುವಾಗ ಹನ್ನೊಂದು ಸಣ್ಣ ಕಲ್ಲುಗಳನ್ನೂ ಎತ್ತಿ ದೊಡ್ಡದೊಂದನ್ನು ಇಡಬೇಕು. ಆ ದೊಡ್ಡ ಕಲ್ಲು ಒಂದು ಚಾನೆಲ್ಲಿನ ಶೇ. 30ರಷ್ಟು ಹೆಚ್ಚು ಭಾರವಾಗಿದ್ದರೆ 2047ನೇ ಚಾನೆಲ್ ಅಷ್ಟೇ ಹೆಚ್ಚು ಅಗಲವಾಗುತ್ತದೆ. ಸಮತಟ್ಟಾದ ಸ್ಪೆಕ್ಟ್ರಮ್ಮಿನಲ್ಲಿ ಚಾನೆಲ್ಲಿಗೆ 10,000 ಎಣಿಕೆ ಬರಬೇಕಾದಲ್ಲಿ ಸಹಜ ಏರಿಳಿತ ಸುಮಾರು 100. ಇಲ್ಲಿ ಬರುವುದು 13,000. ಯಾವ ಗಾಮಾ ರೇಖೆಯೂ ಇಲ್ಲದ ಕಡೆ ಒಂದು ಶಿಖರ ಎದ್ದು ನಿಲ್ಲುತ್ತದೆ.

ಗಟ್ಟಿಯವರ ತಂಡ ಕಲ್ಲನ್ನು ತಿದ್ದಲು ಹೋಗಲಿಲ್ಲ. ಪ್ರತಿ ಪಲ್ಸಿಗೂ 0ಯಿಂದ 255ರೊಳಗಿನ ಬೇರೆ ಬೇರೆ ಸಂಖ್ಯೆ ತೆಗೆದುಕೊಂಡು, ಡಿಎಸಿಯಿಂದ ಅದನ್ನು ವೋಲ್ಟೇಜ್ ಮಾಡಿ ಪಲ್ಸಿಗೆ ಕೂಡಿಸಿ, ಅಳೆದಾದ ಮೇಲೆ ಅದೇ ಸಂಖ್ಯೆ ಕಳೆದುಬಿಟ್ಟರೆ ಏನಾಗುತ್ತದೆ? ಒಂದೇ ಎತ್ತರದ ಪಲ್ಸು ಒಮ್ಮೆ 1900ರಲ್ಲಿ, ಒಮ್ಮೆ 2047ರಲ್ಲಿ, ಒಮ್ಮೆ 2100ರಲ್ಲಿ ಬೀಳುತ್ತದೆ. ಕೆಟ್ಟ ಚಾನೆಲ್ಲಿಗೆ ಸಿಕ್ಕುವುದು 256ರಲ್ಲಿ ಒಂದು ಸಲ. 3,000ದ ಸುಳ್ಳು ಹನ್ನೆರಡಕ್ಕೆ ಇಳಿದು ಆ ನೂರರ ಏರಿಳಿತದೊಳಗೆ ಕಾಣದಾಗುತ್ತದೆ. ಬಟ್ಟೆ ಅಳೆಯುವ ಕೋಲಿನಲ್ಲಿ ಒಂದು ಇಂಚು ಕೆಟ್ಟಿದ್ದರೆ, ಪ್ರತಿ ಸಲವೂ ಬೇರೆ ಗೆರೆಯಿಂದ ಹಿಡಿದು ಅಳೆದ ಹಾಗೆ.

ನಾನು ಮತ್ತೆ ಮತ್ತೆ ನಿಲ್ಲುವುದು ಆ ಕಳೆಯುವ ಹೆಜ್ಜೆಯಲ್ಲಿ. ಕೂಡಿಸಿದ್ದು ವೋಲ್ಟೇಜು, ಕಳೆದದ್ದು ಅಂಕಿ. ಎರಡೂ ಒಂದೇ ಎನ್ನಬೇಕಾದರೆ ಡಿಎಸಿಯ ಒಂದು ಮೆಟ್ಟಿಲು ಎಡಿಸಿಯ ಸರಾಸರಿ ಚಾನೆಲ್ಲಿಗೆ ಸರಿಸಮ ಇರಬೇಕು. ಶೇ. 1ರಷ್ಟು ವ್ಯತ್ಯಾಸವಿದ್ದರೂ 255 ಮೆಟ್ಟಿಲು ಏರುವಷ್ಟರಲ್ಲಿ ಎರಡೂವರೆ ಚಾನೆಲ್ ತಪ್ಪಿ, ಚೂಪಾದ ರೇಖೆ ಹರಡಿಕೊಳ್ಳುತ್ತದೆ. ಶೇ. 0.1ಕ್ಕೆ ತಂದರೆ ಕಾಲು ಚಾನೆಲ್. ಇದನ್ನೇ ಈ ವಿಧಾನದ ದೋಷ ಎಂದು ಕೆಲವರು ಎತ್ತಿ ಹೇಳುತ್ತಾರೆ. ನನಗೆ ಕಾಣುವುದು ಇದರ ದೊಡ್ಡತನ: ಕೈಗೆ ಎಟುಕದ ನಾಲ್ಕು ಸಾವಿರ ಅಂಚುಗಳ ತಪ್ಪನ್ನು ತಂದು, ಸ್ಕ್ರೂಡ್ರೈವರಿನಿಂದ ತಿರುಗಿಸಿ ಸರಿಪಡಿಸಬಹುದಾದ ಒಂದೇ ಒಂದು ಗೇನ್‌ಗೆ ಕಟ್ಟಿಹಾಕಿದ್ದಾರೆ. ಮೇಲ್ತುದಿಯ 255 ಚಾನೆಲ್ ಬಿಟ್ಟುಕೊಡಬೇಕು, ನಿಜ. ಇಡೀ ಅಳತೆಯೇ ಬಿಲ್ಲಿನಂತೆ ಬಾಗಿದ್ದರೆ ಅದನ್ನು ಈ ವಿಧಾನ ನೆಟ್ಟಗೆ ಮಾಡುವುದಿಲ್ಲ, ಅದೂ ನಿಜ.

ಇದು ಬರೀ ಡಿದರ್ (ಅಳೆಯುವ ಮೊದಲು ಬೇಕೆಂದೇ ಗದ್ದಲ ಕೂಡಿಸುವುದು), ಹೊಸದೇನಲ್ಲ ಎನ್ನುವವರಿದ್ದಾರೆ. ಲಾರೆನ್ಸ್ ರಾಬರ್ಟ್ಸ್ 1962ರಲ್ಲೇ ಚಿತ್ರಗಳಿಗೆ ಹುಸಿ ಯಾದೃಚ್ಛಿಕ ಗದ್ದಲ ಕೂಡಿಸಿ, ಆಚೆ ತುದಿಯಲ್ಲಿ ಕಳೆದು ತೋರಿಸಿದ್ದರು ಎಂದು ವರ್ಷ ಮುಂದಿಡುತ್ತಾರೆ. ವರ್ಷದ ಬಗ್ಗೆ ನನ್ನ ತಕರಾರಿಲ್ಲ. ಆದರೆ ರಾಬರ್ಟ್ಸರ ಗದ್ದಲ ಒಂದು ಮೆಟ್ಟಿಲಿನಷ್ಟೇ. ಅವರ ತಕರಾರು ಮೆಟ್ಟಿಲು ದಪ್ಪವಾಗಿರುವುದರ ಮೇಲೆ, ಅವು ಒಂದರಂತೆ ಒಂದಿಲ್ಲ ಎಂಬುದರ ಮೇಲಲ್ಲ. ಒಂದು ಮೆಟ್ಟಿಲಿನಷ್ಟು ಅಲುಗಿಸಿದರೆ 2047ರಲ್ಲಿ ಬೀಳುವ ಪಲ್ಸು ಪಕ್ಕದ ಮನೆಗೆ ಹೋಗಿ ಬರುತ್ತದೆ, ಅಷ್ಟೆ. ಊರು ಬಿಟ್ಟು ಹೋಗಲು ಇನ್ನೂರೈವತ್ತು ಮೆಟ್ಟಿಲು ಬೇಕು. ಲೆಕ್ಕ ಒಂದೇ ತರಹ ಕಂಡ ಮಾತ್ರಕ್ಕೆ ಪ್ರಶ್ನೆಯೂ ಒಂದೇ ಎನ್ನುವುದು ಅವಸರದ ಓದು.

ಈಗ ಪಲ್ಸನ್ನೇ ನೇರವಾಗಿ ಡಿಜಿಟೈಸ್ ಮಾಡುತ್ತೇವೆ, ಇದೆಲ್ಲ ಹಳೆಯ ಕತೆ ಎನ್ನುವವರು ಇನ್ನೊಂದು ಕಡೆ. ಅವರು ತಮ್ಮದೇ ಆಸಿಲೊಸ್ಕೋಪನ್ನು ಒಮ್ಮೆ ನೋಡಲಿ. ಆಗಾಗ ರೀಸೆಟ್ ಆಗುವ ಪ್ರಿಆಂಪ್ಲಿಫೈಯರಿನಲ್ಲಿ ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿ, ಮೇಲೆ ಮುಟ್ಟಿದೊಡನೆ ಕೆಳಗೆ ಬೀಳುತ್ತದೆ. ಪ್ರತಿ ಗಾಮಾ ಕಿರಣವೂ ಎಡಿಸಿಯ ಬೇರೊಂದು ಎತ್ತರದಲ್ಲಿ ಬಂದು ಕೂರುತ್ತದೆ. ಸಾಫ್ಟ್‌ವೇರು ಮೆಟ್ಟಿಲಿನ ನಂತರದ ಸರಾಸರಿಯಿಂದ ಮುಂಚಿನ ಸರಾಸರಿಯನ್ನು ಕಳೆಯುತ್ತದೆ. ಕೂಡಿಸಲು ಡಿಎಸಿ ಇಲ್ಲ, ಹೊಂದಿಸಲು ಗೇನ್ ಇಲ್ಲ. ಕೋಲು ತಾನಾಗಿಯೇ ಜಾರುತ್ತಿದೆ.