ಕರ್ನೆಲ್ಲಿನ ಪುನಾರಚನೆ ಮತ್ತು ಪೂರ್ವಪ್ರತಿಯ ಪ್ರಶ್ನೆ

ಗಣಕಯಂತ್ರದ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವ ಅಂಗವೇ ಕರ್ನೆಲ್. ಇದನ್ನು ಮತ್ತೆ ಕಟ್ಟಹೊರಟವರಿಗೆ ಸಾಮಾನ್ಯವಾಗಿ ಹೇಳುವ ಬುದ್ಧಿವಾದ, ‘ಹಳೆಯದನ್ನು ಉಳಿಸಿಕೊಳ್ಳಿರಿ’ ಎಂಬುದು. ಮಾತು ಸರಿಯಾದುದೇ, ಆದರೆ ಅಪೂರ್ಣವಾದುದು. ಹಳೆಯದೆಂದರೆ ಯಾವುದು?

ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ಹೊಸ ಕರ್ನೆಲನ್ನು ಸ್ಥಾಪಿಸಿದಾಗ, ಅದುವರೆಗೆ ನಡೆಯುತ್ತಿದ್ದುದು ‘ಕರ್ನೆಲ್.ಓಲ್ಡ್’ ಎಂಬ ಹೆಸರಿಗೆ ಸರಿಯುತ್ತದೆ. ಹೊಸದರಲ್ಲಿ ದೋಷವಿದ್ದೂ ಯಂತ್ರ ಹೇಗೋ ಚಾಲನೆಗೊಂಡಿತೆಂದು ಭಾವಿಸೋಣ. ದೋಷವು ತಿಳಿಯುವ ಮುನ್ನವೇ ಮತ್ತೊಂದನ್ನು ಸ್ಥಾಪಿಸಿದರೆ, ಆ ದೋಷಯುಕ್ತವಾದುದೇ ‘ಹಳೆಯದು’ ಎನಿಸಿಕೊಳ್ಳುತ್ತದೆ. ನಂಬಬಹುದಾಗಿದ್ದ ಪ್ರತಿ ಅಳಿದುಹೋಗುತ್ತದೆ.

ಲಿನಕ್ಸಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಕರ್ನೆಲ್ಲಿನ ಮಾಡ್ಯೂಲುಗಳು ಆವೃತ್ತಿಯ ಹೆಸರಿನ ಕೋಶದಲ್ಲಿರುತ್ತವೆ. ಅದೇ ಹೆಸರಿನಿಂದ ಮತ್ತೆ ಕಟ್ಟಿ ಸ್ಥಾಪಿಸಿದರೆ, ಹಳೆಯ ಕರ್ನೆಲ್ ಉಳಿದರೂ ಅದರ ಮಾಡ್ಯೂಲುಗಳು ಉಳಿಯುವುದಿಲ್ಲ. ದೇಹವನ್ನುಳಿಸಿ ಕೈಕಾಲುಗಳನ್ನು ಬದಲಿಸಿದಂತೆ ಇದು.

ಈ ವಿವೇಕ ನಮ್ಮ ಗ್ರಂಥಸಂಪಾದಕರಿಗೆ ಅಪರಿಚಿತವಾದುದಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಮೈಸೂರಿನಲ್ಲಿ ಪ್ರಕಟವಾಯಿತು. ಮೂಲಪಾಠವನ್ನು ಪುನಾರಚಿಸುವ ಸಂಪಾದಕನು ತಾನು ಕೈಬಿಟ್ಟ ಪಾಠಾಂತರವನ್ನು ಪುಟದ ಅಡಿಯಲ್ಲಿ ಕಾಣಿಸುತ್ತಾನೆ. ಯಾವುದು ಯಾವ ಪ್ರತಿಯದೆಂದು ಗುರುತಿಸುತ್ತಾನೆ. ಹೊಸದು ಎಂಬ ಕಾರಣದಿಂದ ಒಂದು ಪ್ರತಿ ಶುದ್ಧವಾಗುವುದಿಲ್ಲ. ನೆನ್ನೆಯದು ಎಂಬ ಕಾರಣದಿಂದ ವಿಶ್ವಸನೀಯವೂ ಆಗುವುದಿಲ್ಲ. ಪರೀಕ್ಷೆಯೊಂದೇ ಪ್ರಮಾಣ.

ಆದುದರಿಂದ ಉಳಿಸಬೇಕಾದುದು ಹಿಂದಿನ ಪ್ರತಿಯನ್ನಲ್ಲ, ಪರೀಕ್ಷಿತವಾದ ಪ್ರತಿಯನ್ನು. ಫ್ರೀಬಿಎಸ್‌ಡಿಯಲ್ಲಿ ಅದಕ್ಕೆ ಬೇರೊಂದು ಹೆಸರಿಟ್ಟು ನಕಲು ತೆಗೆದಿಡಬೇಕು. ಲಿನಕ್ಸಿನಲ್ಲಿ ಹೊಸ ರಚನೆಯ ಆವೃತ್ತಿಗೆ ಪ್ರತ್ಯೇಕವಾದ ಬಾಲನಾಮವನ್ನು ಸೇರಿಸಬೇಕು. ಗ್ರಬ್ ಎಂಬ ಚಾಲಕದಲ್ಲಿ ಹೊಸದನ್ನು ಒಂದು ಬಾರಿಗೆ ಮಾತ್ರ ಆರಿಸಿ, ಹಳೆಯದನ್ನೇ ರೂಢಿಯ ಆಯ್ಕೆಯಾಗಿ ಬಿಡಬೇಕು. ಹೊಸದು ಸೋತರೆ, ಯಂತ್ರವನ್ನು ಮತ್ತೆ ಚಾಲನೆಗೊಳಿಸಿದೊಡನೆ ಹಳೆಯದು ಬರುತ್ತದೆ.

ನಗರದ ದೊಡ್ಡ ಸಂಸ್ಥೆಯಲ್ಲಿ ಒಂದು ಯಂತ್ರ ಕೆಟ್ಟರೆ ಮತ್ತೊಂದಿರುತ್ತದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಂತಹ ಊರಿನಲ್ಲಿ ಒಂದೇ ಯಂತ್ರವನ್ನು ನಂಬಿದ ಶಾಲೆಯಿದ್ದರೆ, ಅಲ್ಲಿ ಈ ಪಾಠಾಂತರವೇ ಪಾಠವನ್ನು ನಡೆಸುವುದು. ಪೂರ್ವಪ್ರತಿಯಿಂದ ಯಂತ್ರವನ್ನು ಒಮ್ಮೆಯಾದರೂ ನಡೆಯಿಸಿ ನೋಡದೆ ‘ಉಳಿಸಿದ್ದೇನೆ’ ಎನ್ನುವುದು, ಓಲೆಯ ಕಟ್ಟನ್ನು ಬಿಚ್ಚದೆ ಗ್ರಂಥ ಸಮಗ್ರವಾಗಿದೆಯೆಂದು ಹೇಳಿದಂತೆಯೇ ಸರಿ.